ಮಿದುಳಿಗೆ ಸಣ್ಣ ಪೆಟ್ಟು

ಪೀರನವಾಡಿ ತಿರುವಿನ್ಯಾಗ ಉಸುಕಿನ ಮ್ಯಾಲ ಸ್ಕೂಟರ್ ಜಾರಿ ಬಿದ್ದೆ. ಒಂದ್ ಹನಿ ರಕ್ತ ಬರಲಿಲ್ಲ. ಸ್ಕ್ಯಾನ್ ನೋಡಿ ಡಾಕ್ಟರು, "ಮಿದುಳಿಗೆ ಸಣ್ಣ ಪೆಟ್ಟು ಬಿದ್ದೈತ್ರಿ. ಕತ್ತಲ ಖೋಲ್ಯಾಗ ಸುಮ್ಮನ ಮಲಗ್ರಿ, ಗದ್ದಲ ಬ್ಯಾಡ" ಅಂದ್ರು.

ಗದ್ದಲ ಬ್ಯಾಡಂತ! ಮೂರನೇ ದಿನಕ್ಕ ಹಲಸಿಯಿಂದ ನನ್ನ ತವರಿನವರು ಟೆಂಪೋ ಮಾಡ್ಕೊಂಡು ಮಾತಾಡ್ಸಾಕ ಬಂದ್ರು, ಹದಿನಾಲ್ಕು ಮಂದಿ. ಬ್ಯಾನಿ ಬಿದ್ದವರನ್ನ ನೋಡಾಕ ಬರದಿದ್ರ ಸಂಬಂಧ ಹರೀತಂತ ನಮ್ಮ ಕಡೆ. ಬಂದವರಿಗೆ ಮಾರಿ ತೋರಸದಿದ್ರ ಸೊಕ್ಕು ಅಂತಾರಂತ ನಮ್ಮತ್ತಿ ನನ್ನ ಎಬ್ಬಿಸಿ, ಸದಾಶಿವನಗರದ ನಮ್ಮ ಸಣ್ಣ ಪಡಸಾಲ್ಯಾಗ ಟ್ಯೂಬ್‌ಲೈಟ್ ಕೆಳಗ ಕುಂದರಿಸಿದ್ರು. ನಾನೂ ಹೂಂ ಅಂದೆ. ತಪ್ಪು ನಂದೂ ಐತಿ.

ಹೆಂಗ ಬಿದ್ದೆ ಅಂತ ಒಬ್ಬೊಬ್ಬರಿಗೂ ಮೊದಲಿಂದ ಹೇಳಬೇಕು. ಕಾಕಾ ಕನ್ನಡದಾಗ ಕೇಳಿದ್ರ ಅವರ ಹೇಣ್ತಿ ಕಾಕು ಮರಾಠಿಯೊಳಗ ಕೇಳಾಕಿ. "ಏನೂ ಆಗಿಲ್ಲಲ್ಲವ, ಗುಂಡಕಲ್ಲ ಇದ್ದಂಗ ಅದಿ!" ಅಂತ ಎಲ್ಲಾರೂ ನಗಾಕತ್ರು. ಬೆಳಕು ಕಣ್ಣಾಗ ಚುಚ್ಚತಿತ್ತು. ಒಬ್ಬೊಬ್ಬರ ಬಾಯಾಗೂ ಬಟ್ಟಿ ತುರುಕಬೇಕು ಅನ್ನಿಸ್ತು. ಖರೇನ ಅನ್ನಿಸ್ತು.

ಅಷ್ಟ್ರಾಗ ಒಂಬತ್ತನೇ ಕ್ಲಾಸ್ ಓದೂ ನನ್ನ ಮಗಳ ಕೈಯಾಗಿನ ಚಾದ ತಾಟು ಜಾರಿ ಫರ್ಶಿ ಮ್ಯಾಲ ಬಿತ್ತು. ಆ ಸಪ್ಪಳ ತಲಿಯೊಳಗ ಕಬ್ಬಿಣದ ಹಾರಿ ಹೆಟ್ಟಿದಂಗಾತು. "ನಿನ್ ಹೆಣಾ ಎತ್ಲಿ!" ಅಂತ ಚೀರಿ, ಕೈಗೆ ಸಿಕ್ಕ ಹಿತ್ತಾಳಿ ತಂಬಿಗಿ ಬೀಸಿದೆ. ಮಗಳ ಹುಬ್ಬಿಗೆ ಬಡೀತು. ಅಕಿ ಮಾರಿ ಮುಚ್ಕೊಂಡು ಕುಂತಳು. ಬೆರಳ ಸಂದ್ಯಾಗಿಂದ ರಕ್ತ. ನಾನು ಮತ್ತೊಮ್ಮೆ ತಂಬಿಗಿ ಎತ್ತಿದ್ದೆ. ನನ್ನ ತಮ್ಮ ಓಡಿ ಬಂದು ಎರಡೂ ಕೈ ಹಿಂದಕ್ಕ ತಿರುವಿ ಹಿಡಿದ. ಅವನ ಮುಂಗೈ ಕಚ್ಚಿದೆ.

ದವಾಖಾನ್ಯಾಗ ಮಗಳು, "ಬಚ್ಚಲದಾಗ ಜಾರಿದ್ನಿರಿ" ಅಂದಳು. ಅತ್ತಿ ಹೂಂ ಹೂಂ ಅಂತ ಗೋಣು ಹಾಕಿದ್ರು.

"ಸುಳ್ರಿ. ನಾನ ಹೊಡದೀನಿ," ಅಂದೆ.

ಐದು ಹೊಲಿಗಿ ಬಿದ್ದುವು. ತಮ್ಮ ಅಕಿನ್ನ ಹಲಸಿಗೆ ಕರಕೊಂಡು ಹೋದ. ಈಗ ಅಲ್ಲಿಂದನ ಬಸ್ಸಿನ್ಯಾಗ ಖಾನಾಪುರದ ಸಾಲಿಗೆ ಹೋಗ್ತಾಳ. ಎಂಟು ತಿಂಗಳಾತು. ತಲಿಬ್ಯಾನಿ ಕಮ್ಮಿ ಆಗೇತಿ, ಮಾತಿನ ನಡುವ ಶಬ್ದ ಮರೀತಾವ, ಸಿಟ್ಟು ಮಾತ್ರ ಹಂಗ ಕುಂತೈತಿ. ಮಂದಿ ಮಾತ್ರ, "ನೋಡಾಕ ನೆಟ್ಟಗ ಅದಾಳ, ನಾಟಕ" ಅಂತಾರ. ಅವರ ಬಾಯಾಗ ಮಣ್ಣ ಹಾಕ.

ನಿನ್ನೆ ಸಂಜಿಗೆ ಮಗಳು ಫೋನ್ ಮಾಡಿದಳು.

"ಅವ್ವಾ, ತಲಿ ಹೆಂಗೈತಿ? ಸಾಲಿ ಸೂಟಿಗೆ ಬರ್ಲೇನು?"

ಅವತ್ತ ಮುಂಜಾನೆ ಕುಕ್ಕರ್ ಸೀಟಿ ಹೊಡದದ್ದಕ್ಕ ನಾನು ಲಟ್ಟಣಗಿ ಗ್ವಾಡಿಗೆ ಒಗದಿದ್ದೆ. ಬಾ ಅನ್ನೂದು ಬಾಯಿ ತನಕ ಬಂದಿತ್ತು.

"ಈಗ ಬ್ಯಾಡವ," ಅಂದೆ.

ಯಾಕ ಅಂತ ಕೇಳ್ತಾಳ, ಅಳ್ತಾಳ, ಹಟಾ ಮಾಡ್ತಾಳ ಅಂತ ಕಾದೆ.

"ಆತವ್ವಾ," ಅಂದಳು ಲಗೂನ. ಅಕಿ ಜೀವ ಹಗುರಾದದ್ದು ನನಗ ಕೇಳಿಸ್ತು.