ತಿರುಗುಮುರುಗಾದ ಹೆಸರುಗಳು

ಅವಳನ್ನು ಎಲ್ಲರೂ ಉಳಿಯಕ್ಕ ಎಂದೇ ಕರೆಯುತ್ತಿದ್ದರು. ಗೋರಿಕಲ್ಲಿರಲಿ, ಮನೆಯ ಹೆಸರಿನ ಫಲಕವಿರಲಿ, ಕಲ್ಲಿನ ಮೇಲೆ ಅಕ್ಷರ ಕೂರಿಸಬೇಕೆಂದರೆ ಬಸ್ ನಿಲ್ದಾಣದ ಹಿಂದಿನ ಅವಳ ತಗಡಿನ ಶೆಡ್ಡಿಗೇ ಬರಬೇಕು. ಕಸುಬು ಕಲಿಸಿದವನು ಅಪ್ಪ. “ನಮ್ಮ ಕೆಲಸದಲ್ಲಿ ತಪ್ಪಿದ್ದನ್ನ ಒರೆಸೋಕಾಗಲ್ಲ, ಅದಕ್ಕೇ ನಾವು ಮಾತೂ ಕಡಿಮೆ” ಎಂದು ಹೇಳುತ್ತಲೇ ದಿನವಿಡೀ ಹರಟುತ್ತಿದ್ದ ಮನುಷ್ಯ.

ಅವನ ಕೈಯ ಅತ್ಯುತ್ತಮ ಕೆಲಸವನ್ನು ಮಗಳು ಕಂಡೇ ಇರಲಿಲ್ಲ. ಅವಳು ಹುಟ್ಟುವ ಮೊದಲು ಪರದೇಶದ ಪಡೆಯೊಂದು ಊರನ್ನು ಹಿಡಿದು ಕೂತಿತ್ತು. ಹೋಗುವ ಮುನ್ನ, ಸತ್ತ ತನ್ನವರಿಗಾಗಿ ಗುಡ್ಡದ ಮೇಲೆ ಕಂಬ ನಿಲ್ಲಿಸಿ, ಹೆಸರು ಕೆತ್ತಲು ಅಪ್ಪನನ್ನು ಬಂದೂಕಿನ ಮುಂದೆ ಕೂರಿಸಿತು. ಲಿಪಿ ಗೊತ್ತಿಲ್ಲದಿದ್ದರೂ ಒಂದೊಂದು ಅಕ್ಷರವನ್ನೂ ಚಿತ್ರದಂತೆ ಕೆತ್ತಿದ. ಪಡೆ ಊರು ಬಿಟ್ಟ ಮರುದಿನವೇ ಜನ ಸುತ್ತಿಗೆ ಹಿಡಿದು ಗುಡ್ಡ ಹತ್ತಿದರು. ಅಪ್ಪ ಅಡ್ಡ ನಿಂತ. “ಹೆಸರು ಕಾಣಬಾರದು ತಾನೆ? ಸಿಮೆಂಟ್ ಮೆತ್ತಿ ಮುಚ್ಚಿಬಿಡ್ತೀನಿ. ಕಲ್ಲು ಒಡೀಬೇಡಿ.”

ಮುಚ್ಚಿದ. ಕಂಬ ಉಳಿಯಿತು, ಅವನ ಮಾನ ಉಳಿಯಲಿಲ್ಲ. ಸಾಯುವವರೆಗೂ ಊರವರ ಬಾಯಲ್ಲಿ ‘ಪರದೇಶಿ ಮೇಸ್ತ್ರಿ’ಯಾದ, ಕೆಲಸ ಸಿಗದೆ ನಿಜಕ್ಕೂ ಪರದೇಶಿಯೇ ಆಗಿಹೋದ.

ಇಷ್ಟು ವರ್ಷಗಳ ಮೇಲೆ ಪುರಸಭೆಯವರೇ ಬಂದು ಕಂಬವನ್ನು ಸರಿಪಡಿಸಲು ಕೇಳಿದರು. ಆ ದೇಶದ ಮುದುಕಿಯೊಬ್ಬಳು ಯುದ್ಧದಲ್ಲಿ ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ಬರುವವಳಿದ್ದಳು. ಆ ಪಡೆಯ ಕಾಗದಪತ್ರವೆಲ್ಲ ಸುಟ್ಟುಹೋಗಿ, ಸತ್ತವರ ಹೆಸರು ಈ ಭೂಮಿಯ ಮೇಲೆ ಇದ್ದರೆ ಇದೊಂದೇ ಕಲ್ಲಿನಲ್ಲಿತ್ತು.

ಅಮ್ಮ ಕೆರಳಿದಳು. “ನನ್ನ ತವರುಮನೆ ಸುಟ್ಟೋರು ಅವರು. ಅವರ ಹೆಸರು ತೊಳೆಯೋಕೆ ಹೋಗ್ತೀಯಾ?”

“ಹೆಸರು ಅವರದ್ದಿರಬಹುದಮ್ಮ, ಕೈ ಅಪ್ಪಂದು.”

“ಹಾಗಿದ್ರೆ ನನ್ನ ಹತ್ರ ಮಾತಾಡಬೇಡ” ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಒಂದೇ ಒಲೆಯ ಅನ್ನ ಉಂಡರೂ ಇಬ್ಬರ ನಡುವೆ ಮಾತು ನಿಂತಿತು.

ಉಳಿಯಕ್ಕ ಗುಡ್ಡ ಹತ್ತಿ, ಸಿಮೆಂಟಿನ ಅಂಚಿಗೆ ಚಪ್ಪಟೆ ಉಳಿ ಕೊಟ್ಟು ಮೆಲ್ಲಗೆ ಮೀಟಿದಳು. ಅಂಗೈಯಗಲದ ಚಕ್ಕೆ ಬಂತು. ಒಳಗೆ ಅಕ್ಷರವಿರಲಿಲ್ಲ. ಹೊರಬರಲು ದಾರಿಯಿಲ್ಲದ ನೀರು ವರ್ಷಾನುಗಟ್ಟಲೆ ಒಳಗೇ ನಿಂತು ಕಲ್ಲಿನ ಮೈ ಕೊಳೆತಿತ್ತು. ಮುಟ್ಟಿದರೆ ಒದ್ದೆ ಹಿಟ್ಟಿನಂತೆ ಉದುರುತ್ತಿತ್ತು. ಅವಳು ಉಳಿ ಕೆಳಗಿಟ್ಟಳು. ಅಷ್ಟರಲ್ಲಿ ಆಸರೆ ತಪ್ಪಿದ ಸಿಮೆಂಟಿನ ಹಾಳೆ ತನ್ನ ಭಾರಕ್ಕೆ ತಾನೇ ಕಳಚಿ, ಎರಡೂ ಕೈ ಒಡ್ಡಿದರೂ ನಿಲ್ಲದೆ, ಕೆಸರಾದ ಕಲ್ಲನ್ನು ಮೆತ್ತಿಕೊಂಡು ಬುಡಕ್ಕೆ ಬಿದ್ದು ಚೂರಾಯಿತು. ಕಂಬ ಬೋಳಾಗಿ ನಿಂತಿತು.

ಅವಳು ಅಲ್ಲೇ ಕೂತಳು. ಪುರಸಭೆಯ ಟ್ರ್ಯಾಕ್ಟರ್ ಬಂದು ಚೂರುಗಳನ್ನು ತುಂಬಿಕೊಂಡು ಹೋದದ್ದನ್ನೂ ಸುಮ್ಮನೆ ನೋಡಿದಳು.

ಮನೆಗೆ ಬಂದವಳು ಅಮ್ಮನ ಮುಖ ನೋಡದೆ ಹೇಳಿದಳು, “ನಿನ್ನ ಆಸೆ ಈಡೇರಿತು. ಒಂದು ಅಕ್ಷರವೂ ಉಳೀಲಿಲ್ಲ.”

ಅಮ್ಮ ಅವಳ ಕಡೆ ತಿರುಗಿ ಕೂತಳು. ಆಮೇಲೆ, “ಸಿಮೆಂಟ್ ಚಕ್ಕೆ ಎಲ್ಲಿ?” ಎಂದಳು.

“ಯಾಕೆ?”

“ಮೆತ್ತೋ ಮುಂಚೆ ನಿಮ್ಮಪ್ಪ ಅಕ್ಷರಕ್ಕೆಲ್ಲ ಎಣ್ಣೆ ಹಚ್ಚಿದ್ದ. ಡಬ್ಬ ಹಿಡ್ಕೊಂಡು ನಿಂತಿದ್ದೋಳು ನಾನೇ. ಕಲ್ಲು ಹೋದ್ರೂ ಅಚ್ಚು ಉಳೀಲಿ ಅಂದಿದ್ದ. ಚಕ್ಕೆಯ ಒಳಮೈ ತೊಳೆದು ನೋಡು, ಅಕ್ಷರ ಉಬ್ಬಿರುತ್ತೆ, ತಿರುಗುಮುರುಗಾಗಿ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಮನಸ್ಸು ಒಪ್ಪಲಿಲ್ಲ ಕಣೇ.”

ಚಪ್ಪಲಿ ಮೆಟ್ಟಲೂ ನಿಲ್ಲದೆ ಉಳಿಯಕ್ಕ ಓಡಿದಳು. ಮಾರುಕಟ್ಟೆಯ ರಸ್ತೆಯ ಗುಂಡಿಗಳಿಗೆ ಆ ಚೂರುಗಳನ್ನು ಸುರಿದಿದ್ದರು. ಮೇಲೆ ರೋಲರ್ ಹಿಂದೆ ಮುಂದೆ ಓಡಾಡುತ್ತಿತ್ತು. ಅವಳು ಚಕ್ರದ ಮುಂದೆ ಹೋಗಿ ನಿಂತಳು.

“ಸಾಯ್ಬೇಕು ಅಂತ ಬಂದ್ಯೇನಕ್ಕಾ?” ಎಂದ ಚಾಲಕ, ಇಂಜಿನ್ ಆರಿಸುತ್ತ.

“ಹೆಸರುಗಳಿದಾವಣ್ಣ, ಕೆಳಗೆ.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಅವಳ ಮುಖ ನೋಡಿ ಕೆಳಗಿಳಿದು ಗುದ್ದಲಿ ಕೊಟ್ಟ. ಬಗೆದಷ್ಟೂ ಪುಡಿ. ಅಂಚಿನಲ್ಲಿ ಬಿದ್ದಿದ್ದ ಕೆಲವು ಚಕ್ಕೆಗಳಷ್ಟೇ ಚಕ್ರದಿಂದ ತಪ್ಪಿಸಿಕೊಂಡಿದ್ದವು. ಮಡಿಲಲ್ಲಿ ಹೊತ್ತು ತಂದು ಶೆಡ್ಡಿನ ತೊಟ್ಟಿಯಲ್ಲಿ ತೊಳೆದಳು. ಕೆಸರು ಕರಗುತ್ತ ಅಪ್ಪನ ಅಕ್ಷರಗಳು ಬೆರಳಿಗೆ ತಗುಲಿದವು. ಬಾಲ ಮುರಿಯದ, ದುಂಡು ಕೆಡದ ಅಕ್ಷರಗಳು. ಮೊದಲ ಸಲ ಅವನ ಕೈಯನ್ನು ಮುಟ್ಟಿದಂತಾಗಿ ಅವಳು ತೊಟ್ಟಿಯ ಮೇಲೆ ಬಾಗಿ ಅತ್ತಳು. ಕನ್ನಡಿ ಹಿಡಿದು, ಪೂರ್ತಿ ಕಾಣುವ ಹೆಸರುಗಳನ್ನಷ್ಟೇ ಹೊಸ ಚಪ್ಪಡಿಗೆ ಇಳಿಸಿದಳು. ಉಳಿದ ಸಾಲುಗಳನ್ನು ಖಾಲಿ ಬಿಟ್ಟಳು. ಗೊತ್ತಿಲ್ಲದ್ದನ್ನು ಕಲ್ಲಿನಲ್ಲಿ ಹೇಗೆ ಬರೆಯುವುದು?

ಚಪ್ಪಡಿಯನ್ನು ಗುಡ್ಡದ ಕಂಬಕ್ಕೆ ಕೂರಿಸಿದ ಮೇಲೆ ಮುದುಕಿ ಬಂದಳು. ಚಪ್ಪಡಿಯ ಮೇಲೆ ಬೆರಳಾಡಿಸುತ್ತ ಓದಿದಳು, ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಖಾಲಿ ಜಾಗದ ಮೇಲೆ ಕೈಯಿಟ್ಟು ಏನೋ ಕೇಳಿದಳು. ಜೊತೆಗಿದ್ದ ದುಭಾಷಿ ತಗ್ಗಿದ ದನಿಯಲ್ಲಿ ಹೇಳಿದ, “ಅಣ್ಣನ ಹೆಸರು ಇಲ್ಲಿತ್ತಾ ಅಂತ ಕೇಳ್ತಿದಾರೆ.”

“ಗೊತ್ತಿಲ್ಲ ಅಂತ ಹೇಳಿ” ಎಂದಳು ಉಳಿಯಕ್ಕ. “ನಾನು ಕಂಬ ಮುಟ್ಟೋವರೆಗೂ ಇದಕ್ಕೆ ಉತ್ತರ ಇತ್ತು ಅಂತಾನೂ ಹೇಳಿ.”

ದುಭಾಷಿ ಎರಡನೆಯ ಮಾತನ್ನು ಹೇಳಿದನೋ ಇಲ್ಲವೋ ತಿಳಿಯಲಿಲ್ಲ. ಮುದುಕಿ ತಲೆಯಾಡಿಸಿ, ಅವನ ತೋಳು ಹಿಡಿದು ಗುಡ್ಡ ಇಳಿದಳು.

ಮಾರುಕಟ್ಟೆಯ ರಸ್ತೆಗೆ ಈಗ ಟಾರು ಬಿದ್ದಿದೆ. ನೀರಿನ ಪೈಪಿಗೆಂದು ಅದನ್ನು ಯಾರಾದರೂ ಅಗೆದರೆ ಉಳಿಯಕ್ಕ ಕೆಲಸ ಬಿಟ್ಟು ಹೋಗಿ ಗುಂಡಿಯ ಪಕ್ಕ ಕೂರುತ್ತಾಳೆ. ಅಗೆಯುವವರು ನಗುತ್ತಾರೆ. ಮೊನ್ನೆ ಅಮ್ಮನೂ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತಳು.

“ಏನಾದ್ರೂ ಸಿಕ್ತಾ?”

“ಇಲ್ಲಮ್ಮ.”

“ಆ ಕಡೆ ಮಣ್ಣು ನೋಡಿದ್ಯಾ?” ಎಂದು ಅಮ್ಮ ಕೋಲಿನಿಂದ ಗುಡ್ಡೆಯನ್ನು ಕೆದಕತೊಡಗಿದಳು.