ನಾನು ಬೈಯದ ಆಟಗಾರ

ಆಟದಲ್ಲಿ ಜಾಗ ಅನ್ನುವುದು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ ಎಂದು ಸರ್ವೀಸಿನುದ್ದಕ್ಕೂ ಹೇಳಿಕೊಂಡು ಬಂದವಳು ನಾನು. ಮೈಸೂರಿನ ಒಂದು ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದೆ. ಖೋ-ಖೋ ಟೀಮು ಕಟ್ಟುವುದು ನನ್ನ ಕೆಲಸ. ಕೈಬಿಟ್ಟ ಹುಡುಗಿಯರ ತಾಯಂದಿರು ಕಣ್ಣೊರೆಸಿಕೊಳ್ಳುತ್ತ ಸ್ಟಾಫ್ ರೂಮಿನ ಬಾಗಿಲಿಗೆ ಬಂದರೆ, "ನಿಮ್ಮ ಮಗಳಿಗಿಂತ ಚೆನ್ನಾಗಿ ಓಡೋಳು ಬಂದಿದಾಳೆ, ನಾನೇನು ಮಾಡ್ಲಿ ಹೇಳಿ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಕಳಿಸುತ್ತಿದ್ದೆ. ಅವರ ಶಾಪವೋ ಏನೋ, ಎಪ್ಪತ್ತು ದಾಟಿದ ಮೇಲೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಾನೂ ಹಾಗೇ ನಿಲ್ಲಬೇಕಾಗಿ ಬಂತು.

ಮಗಳು ಅಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಅಳಿಯಂದಿರು ಆಸ್ಪತ್ರೆಯ ಡ್ಯೂಟಿ ಪಟ್ಟಿ ಹೇಳಿದ ಹಾಗೆ ಬರುತ್ತ ಹೋಗುತ್ತ ಇರುವವರು. ಬ್ರೂಮ್‌ಹಿಲ್‌ನ ಇಳಿಜಾರಿನ ರಸ್ತೆಯಲ್ಲಿ ಮನೆ. ಒಬ್ಬನೇ ಮೊಮ್ಮಗ, ಅದೇ ಊರಿನ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಕಿವಿ ಅದನ್ನು ಕನ್ನಡ ಮಾಡಿಕೊಂಡೇ ಕೇಳಿಸಿಕೊಳ್ಳುತ್ತದೆ, ಆದ್ದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅವನು ಆಡುವುದು ಅಮೆರಿಕನ್ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಚೆಂಡು ತಾಗುವುದೇ ಅಪರೂಪ. ತಲೆಗೆ ಹೆಲ್ಮೆಟ್, ಭುಜದ ಮೇಲೆ ಮೊರದಗಲದ ಪ್ಯಾಡು. ನಾಲ್ಕು ಉಸಿರಿನಷ್ಟು ಹೊತ್ತು ಗುದ್ದಾಡುತ್ತಾರೆ, ಆಮೇಲೆ ಗುಂಪುಗೂಡಿ ಪಂಚಾಯ್ತಿ ಮಾಡುತ್ತಾರೆ. ಮೊದಲ ಸಲ ನೋಡಿದಾಗ ಇದೆಂಥ ಆಟವೋ ಎಂದು ನಗು ಬಂದಿತ್ತು. ಆದರೆ ಮೊಮ್ಮಗನ ಜಾಗದ ಕೆಲಸ ಏನೆಂದು ತಿಳಿದ ಮೇಲೆ ನಗು ನಿಂತಿತು. ಎದುರು ಟೀಮಿನ ಒಬ್ಬ ವೇಗಿ ಚೆಂಡು ಹಿಡಿಯಲು ಓಡಿ ಬರುತ್ತಾನೆ. ಅವನನ್ನೇ ನೋಡುತ್ತ ಹಿಂದುಹಿಂದಕ್ಕೆ ಓಡಿ, ಅವನು ತಿರುಗಿದ ಕ್ಷಣಕ್ಕೆ ತಾನೂ ತಿರುಗಿ, ಚೆಂಡು ಅವನ ಕೈಗೆ ಸಿಗದ ಹಾಗೆ ಮಾಡುವವನು ಕಾರ್ನರ್‌ಬ್ಯಾಕ್. ಇದು ನನಗೆ ಗೊತ್ತಿರುವ ವಿದ್ಯೆ. ಖೋ-ಖೋ ಓಟಗಾರ್ತಿ ಕಣ್ಣಲ್ಲಿ ಮೋಸ ಮಾಡಬಹುದು, ಭುಜದಲ್ಲಿ ಮೋಸ ಮಾಡಬಹುದು, ಸೊಂಟದಲ್ಲಿ ಮೋಸ ಮಾಡಲಾರಳು. ತಿರುಗುವುದೆಲ್ಲ ಸೊಂಟದಿಂದ.

ಟೀಮಿನಲ್ಲಿ ಅಂಥ ಜಾಗ ಎರಡು. ಒಂದರಲ್ಲಿ ಗಟ್ಟಿಗನೊಬ್ಬ ಮೊದಲಿಂದ ಕೂತಿದ್ದ. ಇನ್ನೊಂದರಲ್ಲಿದ್ದ ಸೀನಿಯರ್ ಆ ಬೇಸಿಗೆಯಲ್ಲಿ ಡಿಗ್ರಿ ಮುಗಿಸಿ ಹೋದ. ಬಂದ ದಿನದಿಂದ ರಿಸರ್ವ್ ಆಗಿ ಗೆರೆಯ ಹೊರಗೇ ನಿಂತಿದ್ದ ನಮ್ಮ ಹುಡುಗ ಇನ್ನು ಆ ಜಾಗ ತನ್ನದೆಂದುಕೊಂಡ. ಟೀಮಿನವರೂ ಹಾಗೇ ಅಂದುಕೊಂಡಿದ್ದರು. ಕಾಲೇಜು ಮುಗಿದರೆ ಆಟವೂ ಮುಗಿದ ಹಾಗೆ, ಅದಕ್ಕೇ ಆ ವರ್ಷ ಬಿಟ್ಟರೆ ಇನ್ನಿಲ್ಲ. ನನಗೂ ಅದು ಕೊನೆಯ ಸಲ. ಈ ಮಂಡಿ ಇಟ್ಟುಕೊಂಡು ಇನ್ನು ಇಷ್ಟು ದೂರದ ವಿಮಾನ ಬೇಡ ಅಂತ ಮಗಳು ಡಾಕ್ಟರ ದನಿಯಲ್ಲೇ ಹೇಳಿಬಿಟ್ಟಿದ್ದಳು. "ಮೊದಲ ಮ್ಯಾಚ್ ನೋಡಿಯೇ ಹೋಗ್ಬೇಕು ಅಜ್ಜಿ" ಅಂದ ಮೊಮ್ಮಗ. ನವೆಂಬರಿನಲ್ಲಿ ವೀಸಾ ಮುಗಿಯುವುದಕ್ಕೆ ಮುಂಚೆ ಆ ಮ್ಯಾಚು ಇತ್ತು.

ಜೂನ್ ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಅವನು ಹತ್ತಿರದ ಪಾರ್ಕಿಗೆ ಹೋಗುತ್ತಿದ್ದ, ನಾನೂ ಜೊತೆಗೆ. ಬೇಸಿಗೆಯಲ್ಲೂ ಕೋಟು, ಮಂಕಿ ಕ್ಯಾಪು ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದೆ. ಅವನು ಎರಡು ನೀರಿನ ಬಾಟಲಿ ಇಟ್ಟುಕೊಂಡು ಅವುಗಳ ನಡುವೆ ಹಿಂದಕ್ಕೆ ಓಡುವುದು, ತಿರುಗುವುದು, ಮತ್ತೆ ಹಿಂದಕ್ಕೆ ಓಡುವುದು. "ಭೇಷ್ ಮರಿ, ಚೆನ್ನಾಗಿದೆ" ಅನ್ನುತ್ತಿದ್ದೆ. ಅಂದಾಗೆಲ್ಲ ಅವನು ಒಂದು ಗಳಿಗೆ ನನ್ನ ಮುಖ ನೋಡಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಶ್ರದ್ಧೆ ಇರುವ ಹುಡುಗ ಎಂದುಕೊಂಡೆ.

ಜುಲೈ ಕೊನೆಯ ಹೊತ್ತಿಗೆ ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಅವನ ಫೋನು ಕುಯ್‌ಗುಟ್ಟಿತು.

"ಹೊಸಬನೊಬ್ಬ ಬರ್ತಿದಾನೆ. ಟ್ರಾನ್ಸ್‌ಫರ್. ಬರ್ಮಿಂಗ್‌ಹ್ಯಾಮಲ್ಲಿ ಡಿಗ್ರಿ ಮುಗಿಸಿ ಇಲ್ಲಿಗೆ ಮಾಸ್ಟರ್ಸ್‌ಗೆ. ಅಲ್ಲಿ ಮೂರು ವರ್ಷ ಆಡಿದಾನೆ."

"ಯಾವ ಜಾಗದಲ್ಲಿ?" ಎಂದೆ.

"ಕಾರ್ನರ್‌ಬ್ಯಾಕ್."

ಸರ್ಕಾರಿ ನೌಕರಿ ಮಾಡಿದ ನನಗೆ ಟ್ರಾನ್ಸ್‌ಫರ್ ಎಂದರೆ ಶಿಕ್ಷೆ. ತಾನಾಗಿ ಟ್ರಾನ್ಸ್‌ಫರ್ ಆಗಿ ಬಂದು ಇನ್ನೊಬ್ಬನಿಗೆ ಶಿಕ್ಷೆ ಕೊಡುವವನನ್ನು ಇದೇ ಮೊದಲು ಕೇಳಿದ್ದು. "ಅದು ಬರೀ ಕ್ಲಬ್ ಆಟ ಕಣೋ, ಇಷ್ಟಕ್ಕೆಲ್ಲ ಟೆನ್ಷನ್ ಮಾಡ್ಕೋಬೇಡ" ಅಂದಳು ಮಗಳು. ಅವನು ನಕ್ಕ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡ, ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದ.

ಆಗಸ್ಟಿನಲ್ಲಿ ಆ ಹುಡುಗ ಬಂದ. ಅವನನ್ನು ಪಾರ್ಕಿಗೆ ಕರೆದುಕೊಂಡು ಬಂದವನು ನಮ್ಮವನೇ. ಸರ್ವೆ ಮರದ ಹಾಗೆ ಎತ್ತರ, ತೆಳ್ಳಗೆ. ಅವನ ಅಜ್ಜ ಅಜ್ಜಿ ಜಮೈಕಾದಿಂದ ಬರ್ಮಿಂಗ್‌ಹ್ಯಾಮಿಗೆ ಬಂದವರಂತೆ. ನಾನು ಪಿ.ಟಿ. ಟೀಚರಾಗಿದ್ದೆ ಎಂದು ಮೊಮ್ಮಗ ಹೇಳಿದ್ದನೆಂದು ಕಾಣುತ್ತದೆ, "ಹಲೋ ಮಿಸ್" ಅಂದ. ರಿಟೈರ್ ಆದ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಕೇಳಿ ಸುಖವಾಯಿತು, ಸುಳ್ಳು ಯಾಕೆ ಹೇಳಲಿ.

"ಇವನು ಎಡಕ್ಕೆ ತಿರುಗೋವಾಗ ಸ್ವಲ್ಪ ನಿಧಾನ ಅಜ್ಜಿ. ನೀನು ಒಂದ್ಸಲ ನೋಡು" ಅಂದ ಮೊಮ್ಮಗ.

ಆ ಹುಡುಗ ಹಿಂದಕ್ಕೆ ಓಡಿದ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಾನು ಬೆಂಚು ಬಿಟ್ಟು ಎದ್ದಿದ್ದೆ. ಮಂಡಿ ನೋವು ನೆನಪಿಗೇ ಬರಲಿಲ್ಲ. ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎನ್ನುವ ಹಾಗೆ ಹೋಗುತ್ತಿದ್ದ. ಅಂಥ ಕಾಲು ನನ್ನ ಕೈಗೆ ಇಡೀ ಸರ್ವೀಸಿನಲ್ಲಿ ಸಿಕ್ಕಿದ್ದು ಇಬ್ಬರೋ ಮೂವರೋ. ಆದರೆ ಎಡಕ್ಕೆ ತಿರುಗುವಾಗ ಸೊಂಟ ಮೇಲಕ್ಕೆ ಎದ್ದುಬಿಡುತ್ತಿತ್ತು.

"ಏಯ್! ಎಮ್ಮೆ ತಿರುಗಿದ ಹಾಗೆ ತಿರುಗ್ತೀಯಲ್ಲೋ! ಸೊಂಟ ಇಳಿಸು, ಸೊಂಟ! ಹಿಮ್ಮಡಿ ಯಾಕೋ ಊರ್ತೀಯಾ, ಇಲ್ಲೇನು ಮನೆ ಕಟ್ತೀಯಾ?"

ಇಂಗ್ಲಿಷಿನಲ್ಲಿ ಬೈಯಲು ನನಗೆ ಬರುವುದಿಲ್ಲ. ಮೊಮ್ಮಗ ಪಕ್ಕದಲ್ಲಿ ನಿಂತು ಒಂದೊಂದನ್ನೂ ತರ್ಜುಮೆ ಮಾಡಿ ಹೇಳಿದ. ಆ ಹುಡುಗ ನಕ್ಕ. "ಹಲ್ಲು ಕಿರೀಬೇಡ, ಮತ್ತೆ ಹೋಗು" ಎಂದು ನನ್ನ ಊರುಗೋಲಿನಲ್ಲಿ ತೋರಿಸಿದೆ. ಹೋದ. ಮತ್ತೆ ಬೈದೆ, ಮತ್ತೆ ಹೋದ. ಬಿಸಿಲು ಏರುವ ಹೊತ್ತಿಗೆ ಅವನು ಸೊಂಟವನ್ನು ಕೆಳಗೇ ಉಳಿಸಿಕೊಂಡು, ಬಾಗಿಲು ತಿರುಗಿದ ಹಾಗೆ ಸಲೀಸಾಗಿ ತಿರುಗಿದ. ನನ್ನ ಗಂಟಲು ಬಿದ್ದುಹೋಗಿತ್ತು. ಕೊನೆಗೆ ಮೊಮ್ಮಗನೂ ಒಂದು ಸಲ ಓಡಿ ತೋರಿಸಿದ. "ಭೇಷ್ ಮರಿ" ಎಂದೆ.

ಮನೆಗೆ ಬಂದು ಊಟದ ಹೊತ್ತಿನಲ್ಲಿ ಅವನೇ ನಗುತ್ತ ತಾಯಿಗೆ ವರದಿ ಒಪ್ಪಿಸಿದ. "ಅಜ್ಜಿ ಇವತ್ತು ಅವನಿಗೆ ಹಿಗ್ಗಾಮುಗ್ಗಾ ಬೈದಳು." ಮಗಳು ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು. ಅವನು ಮಹಡಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದಳು.

"ಅಮ್ಮ, ಇವನನ್ನ ಯಾವತ್ತಾದ್ರೂ ಬೈದಿದೀಯಾ?"

"ಯಾಕೆ ಬೈಲಿ? ಪಾಪ, ಅಷ್ಟು ಕಷ್ಟ ಪಡ್ತಾನೆ."

"ನನ್ನನ್ನೂ ಬೈದಿಲ್ಲ ನೀನು. ಗ್ರೌಂಡಲ್ಲಿ ಬೇರೆ ಹುಡುಗೀರಿಗೆಲ್ಲ ಕತ್ತೆ, ಕೋಣ, ಎಮ್ಮೆ. ನಂಗೆ ಮಾತ್ರ ಭೇಷ್ ಪುಟ್ಟಿ. ಎಂಟನೇ ಕ್ಲಾಸಲ್ಲೇ ಅರ್ಥ ಆಯ್ತು ನಂಗೆ. ಆಟ ಬಿಟ್ಟು ಬಯಾಲಜಿ ಹಿಡ್ಕೊಂಡೆ." ನಗುತ್ತಲೇ ಹೇಳಿದಳು. ಆಮೇಲೆ ಸಿಂಕಿನ ನಲ್ಲಿ ನಿಲ್ಲಿಸಿ, "ಈ ಕತೆ ಅವನಿಗೂ ಗೊತ್ತಮ್ಮ. ಚಿಕ್ಕಂದಿನಿಂದ ಜೋಕ್ ಥರ ಹೇಳ್ಕೊಂಡು ಬಂದಿದೀನಿ" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೈಯುವುದೆಂದರೆ ಮೈಮುರಿಯುವ ಕೆಲಸ. ಒಂದು ದೇಹವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ತಪ್ಪಿನ ಬೇರು ಹುಡುಕಬೇಕು, ತಿದ್ದುವವರೆಗೂ ಬೆನ್ನು ಬಿಡಬಾರದು. ಒಳಗೆ ಏನೋ ಇದೆ ಅನ್ನಿಸಿದವರ ಮೇಲೆ ಮಾತ್ರ ನಾನು ಆ ಶ್ರಮ ಹಾಕುತ್ತಿದ್ದೆ. ಉಳಿದವರಿಗೆ ಭೇಷ್. ಪ್ರೀತಿ ಇಲ್ಲದೆ ಅಲ್ಲ, ಪ್ರೀತಿಯಿಂದಲೇ. ಈ ಮೊಮ್ಮಗನ ಮೇಲೆ ಇರುವಷ್ಟು ಪ್ರೀತಿ ನನಗೆ ಯಾರ ಮೇಲೂ ಇಲ್ಲ, ದೇವರಾಣೆಗೂ ಇಲ್ಲ.

ಮಾರನೆಯ ಬೆಳಿಗ್ಗೆ ಪಾರ್ಕಿಗೆ ಹೋಗುವ ದಾರಿಯಲ್ಲಿ ಕೇಳಿದೆ. "ಅವನನ್ನ ಯಾಕೋ ನನ್ ಹತ್ರ ಕರ್ಕೊಂಡು ಬಂದೆ?"

"ನಮ್ಮ ಕೋಚ್ ತುಂಬ ಒಳ್ಳೇವ್ರು, ಎಲ್ಲರಿಗೂ ಗ್ರೇಟ್ ಜಾಬ್ ಅಂತಾರೆ. ಅದರಿಂದ ಏನೂ ಗೊತ್ತಾಗಲ್ಲ. ನೀನು ಅವನನ್ನ ಬೈತೀಯೋ ಇಲ್ವೋ ನೋಡೋಣ ಅಂತ."

ನಾನು ನಿಂತುಬಿಟ್ಟೆ.

"ಪರವಾಗಿಲ್ಲ ಅಜ್ಜಿ. ಗೊತ್ತಾಯ್ತಲ್ಲ" ಎಂದು ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದ.

ಆ ದಿನ ಪಾರ್ಕಿನಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಅವನು ಎರಡನೇ ಸಲ ಓಡುವಾಗ ಬೆಂಚಿನಿಂದ ಎದ್ದು, "ಏಯ್, ಎಮ್ಮೆ! ಸೊಂಟ ಎಲ್ಲೋ ಇಟ್ಟಿದೀಯಾ?" ಎಂದು ಕೂಗಿದೆ. ದನಿ ನನಗೇ ನಾಟಕದವರ ದನಿಯ ಹಾಗೆ ಕೇಳಿಸಿತು. ಅವನು ಓಟ ನಿಲ್ಲಿಸಿ, ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಿಂತ. "ಬೇಡ ಅಜ್ಜಿ. ಪ್ಲೀಸ್" ಅಂದ. ನಾನು ಕೂತೆ. ಅವನು ಬಾಟಲಿಗಳನ್ನು ಸರಿಯಾಗಿ ಇಟ್ಟುಕೊಂಡು ಮತ್ತೆ ಓಡಲು ಶುರು ಮಾಡಿದ.

ಕಾಲೇಜು ಶುರುವಾಯಿತು, ಟೀಮು ಆರಿಸಿದರು. ಜಾಗ ಬರ್ಮಿಂಗ್‌ಹ್ಯಾಮಿನ ಹುಡುಗನಿಗೆ ಹೋಯಿತು. ನಮ್ಮವನು ಮತ್ತೆ ರಿಸರ್ವ್. ಬಾಗಿಲು ಬಡಿದಾನು, ಒಂದು ಹೊತ್ತು ಊಟ ಬಿಟ್ಟಾನು ಎಂದು ಕಾದೆ. ಅವನು ಟೀಮಿನ ಸನ್ನೆಗಳನ್ನೆಲ್ಲ ಹೊಸಬನಿಗೆ ಹೇಳಿಕೊಡುತ್ತ ಮನೆಗೇ ಕರೆದುಕೊಂಡು ಬಂದ. ಆ ಹುಡುಗನ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನು "ಮಿಸ್, ಇನ್ನೊಂದು ದೋಸೆ ಸಿಗುತ್ತಾ?" ಎಂದು ಕೇಳಿ ಹಾಕಿಸಿಕೊಂಡು ತಿನ್ನುವವನು. ಅಂಥವರ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಬೆಳಿಗ್ಗೆ ಮಾತ್ರ ಮೊಮ್ಮಗ ಪಾರ್ಕು ತಪ್ಪಿಸಲಿಲ್ಲ. ಕತ್ತಲು ಹರಿಯುವ ಮುಂಚೆಯೇ ಮೆಟ್ಟಿಲಿಳಿದು ಬರುತ್ತಿದ್ದ, ನಾನು ಕೋಟು ಹಾಕಿಕೊಂಡು ಕೆಳಗೆ ಕಾಯುತ್ತಿದ್ದೆ. ಏನೋ ಒಂದು ಆಸೆ ಇನ್ನೂ ಅವನಲ್ಲಿತ್ತು. ನನ್ನಲ್ಲೂ ಇತ್ತು.

ಮ್ಯಾಚಿನ ಭಾನುವಾರ ಗಾಳಿ ಕಿವಿ ಕುಯ್ಯುವ ಹಾಗಿತ್ತು. ನೋಡಲು ಬಂದವರು ಬೆರಳೆಣಿಕೆಯಷ್ಟು ಜನ. ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿ, ಕಾಲಿನ ಮೇಲೆ ಕಂಬಳಿ ಹೊದಿಸಿ ಮಗಳು ನನ್ನನ್ನು ಕೂರಿಸಿದಳು. ಹೊಸಬ ಅದ್ಭುತವಾಗಿ ಆಡಿದ. ಎಡಕ್ಕೆ ತಿರುಗಿ ಚೆಂಡನ್ನು ಎದುರಿನವನ ಕೈಯಿಂದ ಹೊಡೆದು ಬೀಳಿಸಿದಾಗ ನನಗರಿವಿಲ್ಲದೆ ಕೂಗಿದ್ದೆ. ಗೆರೆಯ ಹೊರಗಿದ್ದ ಮೊಮ್ಮಗ ನನಗಿಂತ ಜೋರಾಗಿ ಕೂಗಿದ.

ಇನ್ನೇನು ಮುಗಿಯಿತು, ಗೆದ್ದೇಬಿಟ್ಟೆವು ಅನ್ನುವಾಗ ಕೋಚು ನಮ್ಮವನ ಬೆನ್ನು ತಟ್ಟಿ ಒಳಗೆ ಕಳಿಸಿದರು. ಕಳಿಸಿ, ನನ್ನ ಕಡೆ ನೋಡಿ ಮುಗುಳ್ನಕ್ಕರು. ಅಜ್ಜಿ ಬಂದಿದ್ದಾಳೆಂದು ಮಾಡಿದ ಉಪಕಾರ ಅದು. ನನ್ನ ಮುಖ ಬಿಸಿಯಾಯಿತು. ಎರಡನೇ ಸಲದ ಗುದ್ದಾಟಕ್ಕೇ ಎದುರಿನ ವೇಗಿ ಅವನತ್ತ ನೇರ ಬಂದು ಒಳಕ್ಕೆ ಹೊರಳಿದ. ನಮ್ಮವನು ತಿರುಗುವಷ್ಟರಲ್ಲಿ ಚೆಂಡು ಆ ವೇಗಿಯ ಕೈಯಲ್ಲಿತ್ತು, ಓಡಿ ಕೊನೆಯ ಗೆರೆ ದಾಟಿ ಪಾಯಿಂಟು ಗಳಿಸಿಬಿಟ್ಟ. ಗೆಲುವಿಗೇನೂ ಧಕ್ಕೆಯಾಗಲಿಲ್ಲ. ಟೀಮಿನವರು ಅವನ ಹೆಲ್ಮೆಟ್ ತಟ್ಟಿ ಸಮಾಧಾನ ಹೇಳಿದರು.

ಮುಗಿದ ಮೇಲೆ ಅವನು ನೇರ ನನ್ನ ಹತ್ತಿರ ಬಂದ. ಮೊಣಕೈಯೆಲ್ಲ ಕೆಸರು. ನನ್ನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ.

"ಅಜ್ಜಿ, ತಿರುಗಿದ್ದು ತಡ ಆಯ್ತಾ?"

ತಡವಾಗಿತ್ತು. ಹಿಮ್ಮಡಿ ಊರಿದ್ದ, ಸೊಂಟ ಎದ್ದಿತ್ತು, ಕಣ್ಣು ಆಳನ್ನು ಬಿಟ್ಟು ಚೆಂಡಿನ ಮೇಲೆ ಹೋಗಿತ್ತು. ನನ್ನ ಶಾಲೆಯ ಹುಡುಗಿಯಾಗಿದ್ದರೆ ಅಲ್ಲೇ ಜಡೆ ಹಿಡಿದು ತಿರುಗಿಸಿ ತೋರಿಸುತ್ತಿದ್ದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದು ಒಂದು ಬೈಗುಳ, ನಿಜವಾದದ್ದು. ಆದರೆ ಅವನ ಮುಖ ಚಳಿಗೆ ಕೆಂಪಾಗಿತ್ತು, ತುಟಿಯ ಹತ್ತಿರ ತರಚಿತ್ತು, ಇನ್ನು ಕೆಲವೇ ದಿನದಲ್ಲಿ ನಾನು ಅವನನ್ನು ಬಿಟ್ಟು ಹೋಗುವವಳು. ನಾನು ಅಜ್ಜಿಯಾಗಿಬಿಟ್ಟೆ.

"ಇಲ್ಲ ಮರಿ. ಚೆನ್ನಾಗೇ ತಿರುಗಿದೆ."

"ಓಕೆ ಅಜ್ಜಿ" ಅಂದ. ನನ್ನ ಕಂಬಳಿ ಮಡಚಿ, ಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಕೋಟು, ಕ್ಯಾಪು ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತೆ. ಬೆಳಕು ಹರಿಯಿತು. ಮಗಳು ತನ್ನ ಕ್ಲಿನಿಕ್ಕಿಗೆ ಹೊರಟುಹೋದಳು. ಎಷ್ಟೋ ಹೊತ್ತಿನ ಮೇಲೆ ಅವನು ನಿದ್ದೆಗಣ್ಣಿನಲ್ಲಿ, ಪೈಜಾಮದಲ್ಲೇ ಇಳಿದು ಬಂದ.

"ಪಾರ್ಕಿಗೆ ಹೋಗಲ್ವೇನೋ?" ಎಂದೆ.

"ಇನ್ಯಾಕೆ ಅಜ್ಜಿ? ಚೆನ್ನಾಗೇ ತಿರುಗ್ತೀನಲ್ಲ" ಎಂದು ನಕ್ಕು, ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.