ಭೀಮಕ್ಕ ಟೀಚರಿಗೆ ಕೇಳದ ಮಗ್ಗಿ

ಭೀಮಕ್ಕನ ಕಿವಿ ಹೋದದ್ದು ಎಪ್ಪತ್ತನಾಲ್ಕನೇ ಇಸವಿಯ ವಿಷಮಜ್ವರದಲ್ಲಿ. ಜಗಳೂರಿನ ತಮ್ಮನ ಮನೆಯಲ್ಲಿ ಬಹಳ ದಿನ ಮಲಗಿದ್ದು, ಎದ್ದು ಚನ್ನಗಿರಿ ಕಡೆಯ ಬಸ್ಸು ಹತ್ತಿದಾಗ ಕಂಡಕ್ಟರ್ ಸೀಟಿ ಊದುವುದು ಕಾಣಿಸಿತು, ಕೇಳಿಸಲಿಲ್ಲ. ಜ್ವರದ ನಿಶ್ಶಕ್ತಿ ಇರಬೇಕು ಅಂದುಕೊಂಡಳು. ಸೂಳೆಕೆರೆ ಹತ್ತಿರದ ತನ್ನ ಶಾಲೆಯ ಊರಿಗೆ ಬಂದು ಬಾಡಿಗೆ ಕೋಣೆಯ ಬೀಗ ತೆಗೆಯುತ್ತಿದ್ದಾಗ ಮನೆಯೊಡತಿ ದುರುಗಮ್ಮ ಎದುರಿಗೆ ನಿಂತು ಬಾಯಿ ಆಡಿಸಿದಳು. ಏನು ಕೇಳಿದಳೋ ತಿಳಿಯದೆ ಭೀಮಕ್ಕ, “ಹೂಂ, ಈಗ ಆರಾಮಿದೀನಿ” ಎಂದಳು. ದುರುಗಮ್ಮ ತಲೆಯಾಡಿಸಿ ಒಳಗೆ ಹೋದಳು. ಉತ್ತರ ಹೇಗೋ ಹೊಂದಿಕೊಂಡಿತ್ತು.

ಯಾರಿಗಾದರೂ ಹೇಳಿದರೆ ಕೆಲಸ ಹೋದೀತೆಂದು ಹೆದರಿದಳು. ಗಂಡ ಮದುವೆಯಾದ ಮೂರನೇ ವರ್ಷಕ್ಕೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತಮ್ಮನ ಮನೆ ನಾಲ್ಕು ದಿನಕ್ಕೆ ಸರಿ; ಶಾಲೆ ಬಿಟ್ಟರೆ ಆಕೆಗೆ ಹೋಗಲು ಜಾಗವೆಂಬುದೇ ಇರಲಿಲ್ಲ.

ನಾಲ್ಕನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುವುದು ಆಕೆಯ ಪಾಲಿಗಿತ್ತು. ಮಗ್ಗಿ ಹೇಳಿಸಿದರೆ ಮಕ್ಕಳ ಬಾಯಿ ತೆರೆಯುವುದು, ಮುಚ್ಚುವುದು ಕಾಣುತ್ತಿತ್ತು, ಅಷ್ಟೆ. ಒಂದು ದಿನ ಹಿಂದಿನ ಸಾಲಿನವರು ಬಾಯಿಗೆ ಬಂದದ್ದನ್ನು ಒದರಿ ನಗುತ್ತಿರುವುದು ಗೊತ್ತಾಯಿತು. ಮರುದಿನ ಒಂದು ಚೀಲ ಹುಣಸೆಬೀಜ, ತೆಂಗಿನಗರಿಯ ಕಡ್ಡಿಗಳ ಕಟ್ಟು ತಂದಳು.

“ಇನ್ಮೇಲೆ ಬಾಯಲ್ಲಿ ಹೇಳಬ್ಯಾಡ್ರಿ. ನೆಲದ ಮೇಲೆ ಇಟ್ಟು ತೋರಿಸ್ರಿ” ಎಂದಳು.

ಮೂರು ಕಡ್ಡಿಯಿಂದ ಒಂದು ಮುಕ್ಕೋನ ಮಾಡಿದಳು. ಅದರ ಮಗ್ಗುಲಿಗೆ ಎರಡೇ ಕಡ್ಡಿ ಸೇರಿಸಿ ಇನ್ನೊಂದು ಮಾಡಿದಳು. ಮತ್ತೆ ಎರಡು, ಮತ್ತೊಂದು ಮುಕ್ಕೋನ. “ಹತ್ತು ಮುಕ್ಕೋನಕ್ಕೆ ಎಷ್ಟು ಕಡ್ಡಿ?” ಮಕ್ಕಳು ನೆಲದುದ್ದಕ್ಕೂ ಜೋಡಿಸುತ್ತ ಹೋದರು. ಕೆರೆಯಲ್ಲಿ ಬಲೆ ಹಾಕುವವರ ಮನೆಯ ಹುಡುಗಿ ಅಜ್ಜಮ್ಮ ಮಾತ್ರ ಒಂದು ಕಡ್ಡಿಯನ್ನು ಬೇರೆ ಇಟ್ಟು, ಉಳಿದವನ್ನು ಎರಡೆರಡಾಗಿ ಬೆರಳಿನಿಂದ ಒತ್ತಿ ತೋರಿಸಿದಳು. ಸ್ಲೇಟಿನ ಮೇಲೆ ಇಪ್ಪತ್ತೊಂದು ಎಂದು ಬರೆದಳು. ನೂರಕ್ಕೆ ಎಷ್ಟು ಎಂದರೆ ಕಡ್ಡಿ ಮುಟ್ಟದೆ ಇನ್ನೂರ ಒಂದು ಎಂದು ಬರೆದಳು. ಭೀಮಕ್ಕನಿಗೆ ಯಾರನ್ನಾದರೂ ಕರೆದು ಅದನ್ನು ತೋರಿಸಬೇಕೆನಿಸಿತು. ಶಾಲೆಯಲ್ಲಿ ಆಕೆ ಮಾತಾಡಿಸುವವರು ಯಾರೂ ಉಳಿದಿರಲಿಲ್ಲ. ಮಾತಾಡಿಸಿದರೆ ಉತ್ತರ ಕೇಳಬೇಕಾಗುತ್ತದೆಂದು ಆಕೆಯೇ ದೂರವಾಗಿದ್ದಳು.

ಮುಂದಿನ ವಾರ ಬೆಂಕಿಪೊಟ್ಟಣದ ಆಟ ಬಂತು. ಸೀಮೆಸುಣ್ಣದ ಗೆರೆಯ ಒಂದು ಬದಿಗೆ ಮುಚ್ಚಿದ ಎರಡು ಪೊಟ್ಟಣ, ಮೂರು ಬಿಡಿ ಬೀಜ. ಇನ್ನೊಂದು ಬದಿಗೆ ಹನ್ನೊಂದು ಬೀಜ. ಎರಡೂ ಪೊಟ್ಟಣದಲ್ಲಿ ಬೀಜ ಒಂದೇ ಸಮ, ಎರಡೂ ಬದಿ ಸಮ. ತೆರೆಯದೆ ಹೇಳಬೇಕು. ಮಕ್ಕಳು ಎರಡೂ ಕಡೆಯಿಂದ ಮೂರು ಮೂರು ಬೀಜ ತೆಗೆದು, ಉಳಿದ ಎಂಟನ್ನು ಎರಡು ಗುಂಪು ಮಾಡಿ, ಆಮೇಲೆ ಪೊಟ್ಟಣ ತೆರೆದು ನಾಲ್ಕು ಬೀಜ ಕಂಡು ಕುಣಿದರು. ಆ ಗದ್ದಲಕ್ಕೆ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪ ಬಾಗಿಲಿಗೆ ಬಂದು ಎರಡು ಸಲ ಕೂಗಿದರು. ಭೀಮಕ್ಕ ಬೆನ್ನು ಹಾಕಿ ನಿಂತಿದ್ದಳು; ತಿರುಗಲಿಲ್ಲ. ಮೂರನೆಯ ಸಲ ಅವರು ಕೂಗಲಿಲ್ಲ. ಹತ್ತಿರ ಬಂದು ಆಕೆಯ ಮುಖ ನೋಡಿದರು.

ಅವರು ಕೆಟ್ಟವರಲ್ಲ. ಮೇಲಿನವರಿಗೆ ಬರೆಯಲಿಲ್ಲ. ಆದರೆ ಕ್ಲಾಸನ್ನು ಹಾಲೇಶಪ್ಪನೆಂಬ ಹೊಸ ಮೇಷ್ಟ್ರಿಗೆ ಕೊಟ್ಟು, ಆಕೆಯನ್ನು ಮಕ್ಕಳಿಗೆ ಉಪ್ಪಿಟ್ಟು ಹಂಚುವ ಕೆಲಸಕ್ಕೆ ಹಾಕಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಪಾಠ ಮಾಡಾಕೆ ಕಿವಿ ಬೇಕಲ್ರೀ” ಎಂದು ನಿಧಾನವಾಗಿ, ತುಟಿ ಕಾಣುವಂತೆ ಹೇಳಿದರು.

ಎರಡು ವರ್ಷ ಆಕೆ ಉಪ್ಪಿಟ್ಟು ಹಂಚಿದಳು. ಸಂಜೆ ಕೋಣೆಯ ಮುಂದೆ ಕೂತು ಓಣಿಯವರ ಬಾಯಿ ನೋಡುತ್ತಿದ್ದಳು. ದುರುಗಮ್ಮ ಮೊದಮೊದಲು ಕೈಸನ್ನೆ ಮಾಡಿ ಮಾತಾಡುತ್ತಿದ್ದವಳು ಬರಬರುತ್ತ ಸುಮ್ಮನೆ ನೀರಿನ ಕೊಡ ಇಟ್ಟು ಹೋಗತೊಡಗಿದಳು. ತಾನು ಜೋರಾಗಿ ಮಾತಾಡುತ್ತಿದ್ದೇನೋ ಮೆಲ್ಲಗೆ ಮಾತಾಡುತ್ತಿದ್ದೇನೋ ಎಂಬುದೇ ಭೀಮಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಕೆಲವು ದಿನ ಮಾತೇ ಆಡುತ್ತಿರಲಿಲ್ಲ.

ಹಾಲೇಶಪ್ಪನಿಗೆ ನ್ಯಾಮತಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಬೇರೆ ದಾರಿಯಿಲ್ಲದೆ ಮಲ್ಲಿಕಾರ್ಜುನಪ್ಪ ನಾಲ್ಕನೇ ಕ್ಲಾಸನ್ನು ಮತ್ತೆ ಆಕೆಗೇ ಕೊಟ್ಟರು. ಮೊದಲ ದಿನ ಆಕೆ ಬೀಜದ ಚೀಲವನ್ನು ಮೇಜಿನ ಮೇಲಿಟ್ಟು, ಮಕ್ಕಳ ಕಡೆ ತಿರುಗಿದಳು.

“ನೋಡ್ರಿ, ನನಗೆ ಕಿವಿ ಕೇಳಂಗಿಲ್ಲ.”

ಮುಂದೆ ಕೂತಿದ್ದ ಗಿಡ್ಡಮ್ಮನ ಬಾಯಿ ಆಡಿತು. ಆ ತುಟಿಗಳನ್ನು ಆಕೆ ಸ್ಪಷ್ಟವಾಗಿ ಓದಿದಳು: “ಗೊತ್ತೈತೆ ಟೀಚರ್.” ಎಲ್ಲರ ಮುಖದಲ್ಲೂ ಅದೇ ಇತ್ತು. ಹೆಡ್‌ಮಾಸ್ಟರಿಗೆ, ದುರುಗಮ್ಮನಿಗೆ ಬಿಟ್ಟರೆ ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದಳು; ಇಡೀ ಊರಿಗೇ ಗೊತ್ತಿತ್ತು. ಇಷ್ಟು ವರ್ಷ ಯಾರಿಂದ ಬಚ್ಚಿಟ್ಟೆ ಎಂದು ಆಕೆಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ನೆಲದ ಮೇಲೆ ಕೂತಳು. ಮಕ್ಕಳು ಸುತ್ತ ಕೂತರು.

ಅಲ್ಲಿಂದ ಹನ್ನೆರಡು ವರ್ಷ ಹಾಗೆಯೇ ಪಾಠ ಮಾಡಿದಳು. ಶಾಲೆಯಲ್ಲಿರುವಷ್ಟು ಹೊತ್ತು ಸರಿ. ಮಕ್ಕಳು ಮನೆಗೆ ಓಡಿದ ಮೇಲೆ ಅಂಗಳ ಖಾಲಿ ಬಿದ್ದುಕೊಂಡಿರುತ್ತಿತ್ತು. ದಾವಣಗೆರೆಯ ಶಿಬಿರವೊಂದರಲ್ಲಿ ಕಿವಿಗೆ ಹಾಕುವ ಮಿಷನ್ ಕೊಟ್ಟರು. ಅದರಲ್ಲಿ ತಟ್ಟೆ, ಕಾಗೆ, ಬಾಗಿಲು ಎಲ್ಲವೂ ಒಟ್ಟಿಗೆ ಕಿರುಚಿದವು, ಮಾತು ಮಾತ್ರ ಕೇಳಲಿಲ್ಲ. ತೆಗೆದಿಟ್ಟಳು.

ಎಂಬತ್ತೆಂಟರಲ್ಲಿ ನಿವೃತ್ತಿಯಾದಾಗ ಊರವರು ಸನ್ಮಾನ ಮಾಡಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಬಹಳ ಹೊತ್ತು ಮಾತಾಡಿದರು. ಹಾರ ಹಾಕಿಕೊಂಡ ಭೀಮಕ್ಕ ಅವರ ಬಾಯಿ ನೋಡುತ್ತ ಕೂತಿದ್ದಳು; ಮೈಕು ಅಡ್ಡವಾಗಿ ತುಟಿ ಓದಲಾಗಲಿಲ್ಲ. ಜನ ಚಪ್ಪಾಳೆ ತಟ್ಟಿದಾಗಲೆಲ್ಲ ತಾನೂ ತಟ್ಟಿದಳು. ಆ ಚಪ್ಪಾಳೆ ತನ್ನ ಹೊಗಳಿಕೆಗೇ ಎಂದು ತಿಳಿಯದೆ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಯಾರೋ ನಕ್ಕರು. ಯಾಕೆಂದು ಗೊತ್ತಾಗದೆ ಆಕೆಯೂ ನಕ್ಕಳು.